ಕೊಲ್ಲಿಯ ಚಿಪ್ಪು, ಇಟಲಿಯ ತಟ್ಟೆ

ಜಪಾನಿನ ಉರಯಾಸು ಎಂದರೆ ಈಗ ಎಲ್ಲರ ಬಾಯಲ್ಲೂ ಬರುವುದು 1983ರಲ್ಲಿ ತೆರೆದ ಟೋಕಿಯೊ ಡಿಸ್ನಿಲ್ಯಾಂಡ್. ಅದಕ್ಕೂ ಮುಂಚೆ ಅದು ಬೆಸ್ತರ ಊರು. ಟೋಕಿಯೊ ಕೊಲ್ಲಿಯ ಕೆಸರಲ್ಲಿ ಅಸಾರಿ ಎಂಬ ಚಿಪ್ಪು ಹೆಕ್ಕಿ, ಕಡಲಪಾಚಿ ಬೆಳೆದು ಬದುಕಿದವರು. 1958ರಲ್ಲಿ ಕಾಗದದ ಕಾರ್ಖಾನೆಯೊಂದು ಹೊಲಸು ನೀರನ್ನು ಹೊಳೆಗೆ ಬಿಟ್ಟಾಗ ಬೆಸ್ತರು ರೊಚ್ಚಿಗೆದ್ದು ಅದರೊಳಗೇ ನುಗ್ಗಿದರು. ಆದರೂ 1971ರ ಹೊತ್ತಿಗೆ ಮೀನುಗಾರಿಕೆಯ ಹಕ್ಕನ್ನೆಲ್ಲ ಬಿಟ್ಟುಕೊಟ್ಟರು. ಕೊಲ್ಲಿಗೆ ಮಣ್ಣು ತುಂಬಿ ಊರು ಸುಮಾರು 4 ಪಟ್ಟು ಹಿಗ್ಗಿತು.

ಆ ಚಿಪ್ಪು ಈಗ ಸಿಗುವುದು ಎಲ್ಲಿ ಗೊತ್ತೇ? ಇಟಾಲಿಯನ್ ಹೋಟೆಲಿನಲ್ಲಿ! ಜಪಾನಿನಲ್ಲಿ ವೊಂಗೊಲೆ ಎಂಬ ಚಿಪ್ಪಿನ ಸ್ಪಗೆಟ್ಟಿಗೆ ಬೀಳುವುದು ಇದೇ ಅಸಾರಿ. ಜೊತೆಗೆ ಬೆಳ್ಳುಳ್ಳಿ, ಆಲಿವ್ ಎಣ್ಣೆ. ಮಂಗಳೂರಿನವರು ಕಂಡರೆ ಮರುವಾಯಿ ಎಂದೇ ಕೈಹಾಕುತ್ತಾರೆ. ಇಟಲಿಯ ಅಡುಗೆಯಲ್ಲಿ ಊರಿನ ಹಳೆಯ ಕಸುಬಿನ ರುಚಿ ಉಳಿದಿರುವುದು ನನಗಂತೂ ಡಿಸ್ನಿಲ್ಯಾಂಡಿಗಿಂತ ದೊಡ್ಡ ಸೋಜಿಗ.

ಅಂಥ ಹೋಟೆಲಿಗೆ ಹೋದರೆ ಸಸ್ಯಾಹಾರಿಗಳು ಮಾತ್ರ ಕೇಳಿಯೇ ತರಿಸಿಕೊಳ್ಳಬೇಕು. ಟೊಮೆಟೊ ಸಾಸಿನಲ್ಲೂ ಹಂದಿಮಾಂಸ ಅಡಗಿರಬಹುದು. ಜನಪ್ರಿಯ ಪುಟ್ಟ ಹೋಟೆಲಾದರೆ ಬಾಗಿಲ ಬಳಿಯ ಹಾಳೆಯಲ್ಲಿ ಹೆಸರು ಬರೆದು ಕಾಯಬೇಕಾದೀತು. ಟಿಪ್ಸ್ ಇಡುವ ರೂಢಿ ಅಲ್ಲಿಲ್ಲ. ಹೊರಗೆ ಸಾಲು ಕಂಡರೆ, ಉಂಡ ಮೇಲೆ ಹರಟೆ ಬೆಳೆಸದೆ ಎದ್ದುಬಿಡಿ.