ರಾಜ್ಯವಾಗಿದ್ದ ಒಂದು ಬೆಟ್ಟನಾಡು

ಏಕೀಕರಣದ ಮಾತು ಬಂದಾಗ ಧಾರವಾಡದ ನಾವು ಮುಂಬಯಿ, ಹೈದರಾಬಾದು, ಮದ್ರಾಸುಗಳಲ್ಲಿ ಹಂಚಿಹೋಗಿದ್ದ ಕನ್ನಡ ಜಿಲ್ಲೆಗಳನ್ನು ಮೊದಲು ನೆನೆಯುತ್ತೇವೆ. 1956ರ ನವೆಂಬರ್ 1ರಂದು ಒಂದು ಇಡೀ ರಾಜ್ಯವೇ ನಮ್ಮೊಡನೆ ಬಂದು ಕೂಡಿತೆಂಬುದು ಹಲವರ ನೆನಪಿನಲ್ಲಿಲ್ಲ. ಅದು ಕೊಡಗು. 1952ರ ಚುನಾವಣೆಯಿಂದ ಅದಕ್ಕೆ 24 ಸದಸ್ಯರ ವಿಧಾನಸಭೆಯಿತ್ತು, ಸಿ. ಎಂ. ಪೂಣಚ್ಚನವರು ಮುಖ್ಯಮಂತ್ರಿಗಳಾಗಿದ್ದರು.

ಕೇವಲ 4,102 ಚದರ ಕಿಲೋಮೀಟರಿನ ಆ ನೆಲ ಪ್ರತ್ಯೇಕವಾಗಿ ಬಾಳಲು ಕಾರಣವೇನು? ಹಾಲೇರಿ ಅರಸರನ್ನೂ, 1834ರಲ್ಲಿ ಚಿಕವೀರ ರಾಜೇಂದ್ರನನ್ನು ಪದಚ್ಯುತಗೊಳಿಸಿದ ಇಂಗ್ಲಿಷರನ್ನೂ ಇತಿಹಾಸ ತೋರಿಸುತ್ತದೆ. ಮಾಸ್ತಿಯವರ ಕಾದಂಬರಿಯಿಂದ ಆ ಕಥೆ ಕನ್ನಡಿಗರಿಗೆಲ್ಲ ಪರಿಚಿತ. ಆದರೆ ಅರಸರಿಗಿಂತ ಹಳೆಯದಾದ ಕಾರಣ ಆ ನೆಲದ ರಚನೆಯಲ್ಲಿಯೇ ಇದೆ.

ಮಾಳಮಡ್ಡಿಯಲ್ಲಿ ವಾಸಿಸುವ ನನಗೆ ಸೀಮೆಯೆಂದರೇನೆಂಬುದು ಮಳೆಯಿಂದಲೇ ತಿಳಿಯುತ್ತದೆ. ನಮ್ಮಿಂದ ಪಡುವಣಕ್ಕೆ ಹಳಿಯಾಳ, ದಾಂಡೇಲಿಗಳ ಕಾಡು. ಮೂಡಣಕ್ಕೆ ನವಲಗುಂದದ ಎರೆಭೂಮಿ. ಕೊಡಗಿನಲ್ಲಿ ಈ ವ್ಯತ್ಯಾಸ ಇನ್ನೂ ತೀವ್ರ. ಭಾಗಮಂಡಲದ ಕಡೆ ವರ್ಷದ ಮಳೆ 5,000 ಮಿಲಿಮೀಟರನ್ನು ದಾಟುವುದುಂಟು. ಎಪ್ಪತ್ತು ಕಿಲೋಮೀಟರಿನೊಳಗೆ, ಕುಶಾಲನಗರವನ್ನು ಮುಟ್ಟುವಷ್ಟರಲ್ಲಿ, ಅದು ಸುಮಾರು ಐದನೆಯ ಒಂದು ಪಾಲಿಗೆ ಇಳಿಯುತ್ತದೆ. ದಕ್ಷಿಣ, ಪಶ್ಚಿಮಗಳಲ್ಲಿ ಕೇರಳದ ಗಡಿ. ಅಲ್ಲಿ 1,748 ಮೀಟರ್ ಎತ್ತರದ ತಡಿಯಂಡಮೋಳ್ ಮುಂಗಾರಿನ ಮೋಡಗಳಿಗೆ ಎದೆಯೊಡ್ಡಿ ನಿಂತಿದೆ. ಪಯಸ್ವಿನಿ ಇಲ್ಲಿಂದ ಇಳಿದು ಕಾಸರಗೋಡಿನಲ್ಲಿ ಚಂದ್ರಗಿರಿಯೆನಿಸಿ ಪಡುಗಡಲನ್ನು ಸೇರುತ್ತದೆ. ಕಾವೇರಿ ಸುಮಾರು 800 ಕಿಲೋಮೀಟರ್ ಹರಿದು ಮೂಡುಗಡಲನ್ನು ಸೇರುತ್ತಾಳೆ.

ಅಲ್ಲಿನ ಜನರ ಪಂಚಾಂಗವೂ ಮಳೆ ಬರೆದದ್ದೇ. ನಾಟಿ ಮುಗಿದ ಮೇಲೆ ಕೈಲ್‌ಪೊಳ್ದ್. ಮಳೆ ಹಿಂಜರಿಯುವ ತುಲಾ ಸಂಕ್ರಮಣದಲ್ಲಿ ತಲಕಾವೇರಿಯ ತೀರ್ಥೋದ್ಭವ. ಭತ್ತ ಮಾಗಿದಾಗ ಪುತ್ತರಿ. ಕೊಡವರ ಒಕ್ಕಗಳಿಗೆ ಐನ್‌ಮನೆ, ಅದರ ಕೆಳಗೆ ಗದ್ದೆ, ಮೇಲೆ ಸೊಪ್ಪು-ಸೌದೆಗೆ ಬಾಣೆ. ಕೊಡವರಷ್ಟೇ ಕೊಡಗಲ್ಲ, ಅರೆಭಾಷೆಯ ಗೌಡರು, ಮಾಪಿಳ್ಳೆಗಳು, ಯರವರು, ಜೇನುಕುರುಬರು ಎಲ್ಲರೂ ಆ ನಾಡನ್ನು ಕಟ್ಟಿದವರು. ಕಾಡನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲ ಜೇನುಕುರುಬರಿಗೂ, ಪರರ ಗದ್ದೆಗಳಲ್ಲಿ ದುಡಿದ ಯರವರಿಗೂ ಸ್ವಂತ ನೆಲ ದಕ್ಕಿದ್ದು ಅತ್ಯಲ್ಪವೆಂಬುದನ್ನು ಮರೆಯುವಂತಿಲ್ಲ.

ಈ ವ್ಯವಸ್ಥೆಯ ತಿರುಳು ದೇವರಕಾಡು. 1,200ಕ್ಕೂ ಹೆಚ್ಚು ದೇವರಕಾಡುಗಳು ಆ ಪುಟ್ಟ ಜಿಲ್ಲೆಯಲ್ಲಿವೆ. ಊರಿನ ದೇವರ ಹೆಸರಿನಲ್ಲಿ ಬಿಟ್ಟ ಆ ಮರಗಳಿಗೆ ಕೊಡಲಿ ತಾಗಕೂಡದೆಂಬುದು ಕಟ್ಟಳೆ. ಭಕ್ತಿಯ ಬಲದಿಂದ ನಿಂತ ಈ ಕಟ್ಟಳೆಯಲ್ಲಿ ನೀರಿನ ವಿವೇಕವೂ ಅಡಗಿದೆ. ಕಾಡಿನ ತರಗೆಲೆ, ಬೇರುಗಳು ಮಳೆಯ ರಭಸವನ್ನು ತಡೆಯುತ್ತವೆ. ತಗ್ಗಿನ ಗದ್ದೆಗಳು ನೀರನ್ನು ನಿಲ್ಲಿಸಿ ನೆಲಕ್ಕಿಳಿಸುತ್ತವೆ. ಮೂರು ತಿಂಗಳ ಮಳೆ ವರ್ಷವಿಡೀ ಹೊಳೆಯಾಗಿ ಹರಿಯುವುದರ ಗುಟ್ಟು ಇದೇ.

ಆ ಗುಟ್ಟು ಇಂದು ಸಡಿಲಗೊಳ್ಳುತ್ತಿದೆ. ಎಷ್ಟೋ ಗದ್ದೆಗಳು ಪಾಳುಬಿದ್ದಿವೆ. ಕಾಫಿ ತೋಟಗಳಲ್ಲಿ ಕಾಡುಮರಗಳ ನೆರಳಿನ ಬದಲು ಬೇಗ ಬೆಳೆಯುವ ಸಿಲ್ವರ್ ಓಕ್ ಬಂದಿದೆ. ದೇವರಕಾಡುಗಳ ಅಂಚುಗಳು ಒತ್ತುವರಿಗೆ ಸಿಕ್ಕಿವೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಸುತ್ತ ಗುಡ್ಡಗಳು ಕುಸಿದು ಜನರು ಮನೆಮಾರು ಕಳೆದುಕೊಂಡರು. 2020ರಲ್ಲಿ ತಲಕಾವೇರಿಯ ಬೆಟ್ಟವೇ ಜಾರಿ ಅರ್ಚಕರ ಮನೆಯನ್ನು ನುಂಗಿತು. ಮಳೆ ಅತಿಯಾಗಿತ್ತು, ನಿಜ. ಆದರೆ ರಸ್ತೆಗೆ, ಮನೆಗೆ, ವಸತಿಗೃಹಕ್ಕೆಂದು ಕಡಿದ ಇಳಿಜಾರು ಅಂಥ ಮಳೆಯನ್ನು ತಾಳಲಾರದು.

ಇದನ್ನು ಕೊಡಗಿನವರ ಸಂಕಟವೆಂದು ಕೈಬಿಡಬಹುದೆ? ಮೈಸೂರು, ಬೆಂಗಳೂರುಗಳ ಕುಡಿಯುವ ನೀರೂ, ಮಂಡ್ಯದಿಂದ ತಂಜಾವೂರಿನವರೆಗಿನ ಗದ್ದೆಗಳ ನೀರೂ ಬಹುಪಾಲು ಕಾವೇರಿಯದು. ಅವಳ ತವರಿನ ಒಡೆತನದಲ್ಲಿ ನಾವು ಪಾಲು ಕೇಳುತ್ತೇವೆ. ನೀರಿನ ಲೆಕ್ಕಕ್ಕಾಗಿ ನ್ಯಾಯಾಲಯದ ಮೆಟ್ಟಿಲೇರುತ್ತೇವೆ. ಆ ನೀರನ್ನು ಹಿಡಿದಿಡುವ ಕಾಡಿನ ಲೆಕ್ಕವನ್ನು ಮಾತ್ರ ಯಾರೂ ಕೇಳುವುದಿಲ್ಲ. ಗದ್ದೆಯನ್ನು ಗದ್ದೆಯಾಗಿಯೇ, ಕಾಡುಮರವನ್ನು ಕಾಡುಮರವಾಗಿಯೇ ಉಳಿಸಿಕೊಂಡ ರೈತನಿಗೆ ಬಯಲಿನವರು ನೀರಿನ ಋಣವನ್ನು ಸಲ್ಲಿಸುವುದು ನ್ಯಾಯ. ರಾಜ್ಯಗಳು ಕೂಡಿದ್ದಕ್ಕೆ ಅರವತ್ತು ವರ್ಷಗಳ ಮೇಲಾಯಿತು. ಹೊಣೆಗಳು ಕೂಡುವುದು ಇನ್ನೂ ಬಾಕಿಯಿದೆ.