ವಿಶ್ವವಿದ್ಯಾಲಯದಲ್ಲಿ ನಾಟಕ ಓದುವುದೆಂದರೆ

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)





ಮುಂದೆ ಏನು ಓದಬೇಕು ಎಂಬ ವಿಷಯದಲ್ಲಿ ಇಂಥ ವೇದಿಕೆಗಳಲ್ಲಿ ಇಂಜಿನಿಯರಿಂಗ್, ವೈದ್ಯಕೀಯ, ಐ.ಎ.ಎಸ್. ಕುರಿತು ಬೇಕಾದಷ್ಟು ಮಾತುಗಳಾಗಿವೆ. ಅವು ಆಗಲೇಬೇಕು. ನಾನು ಆರಿಸಿಕೊಂಡಿರುವ ವಿಷಯ ಮಾತ್ರ ನಮ್ಮ ಮನೆಗಳಲ್ಲಿ ಹೆಸರೆತ್ತಿದ ಕೂಡಲೇ ಮಾತು ನಿಂತುಹೋಗುವಂಥದ್ದು. ಮಗನೋ ಮಗಳೋ 'ನಾನು ನಾಟಕ ಓದುತ್ತೇನೆ' ಎಂದರೆ ಹೆತ್ತವರಿಗೆ ಕೇಳಿಸುವುದು 'ನಾನು ಓದು ಬಿಡುತ್ತೇನೆ' ಎಂದು. ಹಾಗಲ್ಲ ಎಂಬುದನ್ನು ಹೇಳಲು ನನಗೆ ಸಿಕ್ಕಿರುವ ಈ ಸ್ವಲ್ಪ ಸಮಯವನ್ನು ಬಳಸಿಕೊಳ್ಳುತ್ತೇನೆ.

ದೂರದ ಉದಾಹರಣೆ ಬೇಡ. ಮುಸ್ಲಿಮರ ಶಿಕ್ಷಣದ ಮಾತು ಬಂದಾಗಲೆಲ್ಲ ನಾವು ಅಭಿಮಾನದಿಂದ ಹೆಸರಿಸುವ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾವನ್ನೇ ತೆಗೆದುಕೊಳ್ಳಿ. 1920ರಲ್ಲಿ ಅಲೀಗಢದಲ್ಲಿ ಹುಟ್ಟಿ, ಬಳಿಕ ದಿಲ್ಲಿಗೆ ಬಂದ ಸಂಸ್ಥೆ ಅದು. ಡಾ. ಝಾಕಿರ್ ಹುಸೇನರ ಜೊತೆಗಾರರಾಗಿ ಅದನ್ನು ಕಟ್ಟಿದವರಲ್ಲಿ ಇಬ್ಬರು, ಮುಹಮ್ಮದ್ ಮುಜೀಬ್ ಮತ್ತು ಆಬಿದ್ ಹುಸೇನ್. ಇಬ್ಬರೂ ದೊಡ್ಡ ವಿದ್ವಾಂಸರು, ಇಬ್ಬರೂ ಉರ್ದುವಿನಲ್ಲಿ ನಾಟಕ ಬರೆದವರು. ಇತಿಹಾಸಕಾರರಾಗಿದ್ದ ಮುಜೀಬ್ ಸಾಹೇಬರು 1948ರಿಂದ 1973ರವರೆಗೆ ಜಾಮಿಯಾದ ಕುಲಪತಿಗಳಾಗಿದ್ದರು. ಕುಲಪತಿಯ ಕುರ್ಚಿಗೂ ನಾಟಕಕ್ಕೂ ಹಗೆತನವಿದೆ ಎಂದು ಆ ಹಿರಿಯರಿಗೆ ಅನ್ನಿಸಿರಲಿಲ್ಲ.

ಅದೇ ಜಾಮಿಯಾದಲ್ಲಿ 1954ರಲ್ಲಿ ಹಬೀಬ್ ತನ್ವೀರರು 'ಆಗ್ರಾ ಬಜಾರ್' ನಾಟಕವನ್ನು ಆಡಿಸಿದರು. ಇದರ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಏಕೆಂದರೆ ನಾಟಕದ ವಿದ್ಯೆ ಎಂದರೇನು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ನಝೀರ್ ಅಕ್ಬರಾಬಾದಿ ಆಗ್ರಾದ ಕವಿ, 1830ರಲ್ಲಿ ತೀರಿಕೊಂಡವರು. ಹೋಳಿ, ಈದ್, ರೊಟ್ಟಿ, ಸೌತೆಕಾಯಿ, ಕರಡಿಮರಿ, ಹೀಗೆ ಬೀದಿಯಲ್ಲಿ ಕಂಡದ್ದನ್ನೆಲ್ಲ ಕಾವ್ಯ ಮಾಡಿದರು. ಅದಕ್ಕಾಗಿಯೇ ಆ ಕಾಲದ ಪಂಡಿತರು ಅವರನ್ನು ಕವಿಯೆಂದು ಗಣಿಸಲಿಲ್ಲ. ಅವರ ಜೀವನದ ಬಗ್ಗೆ ದಾಖಲೆಗಳೂ ಕಡಿಮೆ. ಹೀಗಿರುವಾಗ ಅವರ ಮೇಲೆ ನಾಟಕ ಬರೆಯುವುದು ಹೇಗೆ?

ತನ್ವೀರರು ಕಂಡುಕೊಂಡ ದಾರಿ ನೋಡಿ. ಕವಿಯನ್ನು ರಂಗದ ಮೇಲೆ ತರಲೇ ಇಲ್ಲ. ಬದಲಿಗೆ ಇಡೀ ಬಜಾರನ್ನು ತಂದರು. ಒಂದು ಕಡೆ ಪುಸ್ತಕದಂಗಡಿ, ಅಲ್ಲಿ ಕುಳಿತು ಚರ್ಚಿಸುವ ದೊಡ್ಡ ಮನುಷ್ಯರು. ಇನ್ನೊಂದು ಕಡೆ ಗಾಳಿಪಟದಂಗಡಿ, ಅಲ್ಲಿ ಸೇರುವ ಸಾಮಾನ್ಯರು. ನಡುವೆ ಸೌತೆಕಾಯಿ ಮಾರುವ ಒಬ್ಬ ಬಡವ. ವ್ಯಾಪಾರವಿಲ್ಲ. ನನ್ನ ಸೌತೆಕಾಯಿಯ ಮೇಲೆ ಒಂದು ಪದ್ಯವಿದ್ದರೆ ಹಾಡಿಕೊಂಡು ಮಾರಬಹುದಿತ್ತು ಎಂದುಕೊಂಡು ಅವನು ಶಾಯರುಗಳ ಹಿಂದೆ ಬೀಳುತ್ತಾನೆ. ಯಾರೂ ಅವನನ್ನು ಮೂಸಿ ನೋಡುವುದಿಲ್ಲ. ಕೊನೆಗೆ ನಝೀರರಿಂದ ಪದ್ಯ ಸಿಗುತ್ತದೆ, ಮಾಲು ಖರ್ಚಾಗುತ್ತದೆ. ಕಥೆ ಇಷ್ಟೇ. ಆದರೆ ಇಷ್ಟನ್ನು ಮಾಡಲು ನಝೀರರ ಕಾವ್ಯವನ್ನು ಪೂರ್ತಿ ಓದಿರಬೇಕು, ಆ ಕಾಲದ ಆಗ್ರಾ ತಿಳಿದಿರಬೇಕು, ಕವಿಯ ಬಗ್ಗೆ ದಾಖಲೆ ಇಲ್ಲದಿರುವುದನ್ನೇ ನಾಟಕದ ಬಲವಾಗಿ ಮಾಡಿಕೊಳ್ಳುವ ಬುದ್ಧಿ ಬೇಕು. ಇದು ಸಂಶೋಧನೆಯಲ್ಲದೆ ಮತ್ತೇನು? ಪಾತ್ರ ಮಾಡಿದವರು ಯಾರು ಗೊತ್ತೇ? ಜಾಮಿಯಾದ ಅಧ್ಯಾಪಕರು, ವಿದ್ಯಾರ್ಥಿಗಳು, ಪಕ್ಕದ ಓಖ್ಲಾ ಹಳ್ಳಿಯ ಜನ. ಮರುವರ್ಷ ತನ್ವೀರರು ನಾಟಕ ಕಲಿಯಲು ಇಂಗ್ಲೆಂಡಿಗೆ ಹೋದರು. ಗಮನಿಸಿ, ಅಷ್ಟು ಮಾಡಿದ ಮೇಲೂ ಕಲಿಯುವುದು ಉಳಿದಿದೆ ಎಂದೇ ಅವರಿಗೆ ಅನ್ನಿಸಿತ್ತು.

ಇನ್ನು ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆ. 1959ರಲ್ಲಿ ಆರಂಭವಾದ ಅದಕ್ಕೆ ಗಟ್ಟಿ ಪಠ್ಯಕ್ರಮ ಕೊಟ್ಟವರು ಇಬ್ರಾಹಿಂ ಅಲ್ಕಾಝಿ. ಪುಣೆಯಲ್ಲಿ ನೆಲೆಸಿದ್ದ ಅರಬ್ ವ್ಯಾಪಾರಿಯ ಮಗ. 1962ರಿಂದ 15 ವರ್ಷ ನಿರ್ದೇಶಕರಾಗಿದ್ದು, 2020ರಲ್ಲಿ ನಿಧನರಾದರು. ರಂಗ ಗುಡಿಸಲು ನಾಚುವವನು ರಂಗದ ಮೇಲೆ ನಿಲ್ಲಲು ಯೋಗ್ಯನಲ್ಲ ಎಂಬಂಥ ಶಿಸ್ತು ಅವರದು. ಅಲೀಗಢದಲ್ಲಿ ಪದವಿ ಮುಗಿಸಿದ ನಸೀರುದ್ದೀನ್ ಶಾ ಕಲಿತದ್ದು ಅವರ ಕೈಕೆಳಗೆ. ನಮ್ಮ ಬಿ.ವಿ. ಕಾರಂತರು, ಬಿ. ಜಯಶ್ರೀಯವರು ಅದೇ ಶಾಲೆಯಿಂದ ಬಂದವರು.

ತರಗತಿಯಲ್ಲಿ ಏನು ಕಲಿಸುತ್ತಾರೆ ಎಂದು ಕೇಳುತ್ತೀರಿ. ಗಿರೀಶ್ ಕಾರ್ನಾಡರ 'ತುಘಲಕ್' ತೆಗೆದುಕೊಳ್ಳೋಣ. 1964ರ ಕನ್ನಡ ನಾಟಕ. ಅದನ್ನು ಆಡಿಸಬೇಕಾದ ವಿದ್ಯಾರ್ಥಿ ಮೊದಲು ಬರನಿಯ ಇತಿಹಾಸ ಓದಬೇಕು. ಬರನಿ ಆ ನಾಟಕದಲ್ಲಿ ಒಂದು ಪಾತ್ರವೂ ಹೌದು. ದಿಲ್ಲಿಯಲ್ಲಿ ಖಾಜಿಯಾಗಿದ್ದ ಇಬ್ನ್ ಬತೂತನ ಪ್ರವಾಸ ಕಥನ ಓದಬೇಕು. ಆಮೇಲೆ ಉಸಿರಾಟ, ಉಚ್ಚಾರಣೆ, ನಡಿಗೆ. ಕೊನೆಯ ಸಾಲಿನಲ್ಲಿ ಕುಳಿತವನಿಗೂ ಮಾತು ಕೇಳಿಸಬೇಕು, ಆದರೆ ಕಿರುಚಬಾರದು. ಬಡಗಿ ಕೆಲಸ, ದರ್ಜಿ ಕೆಲಸ, ದೀಪದ ತಂತಿ ಎಳೆಯುವ ಕೆಲಸ ಎಲ್ಲವೂ ಪಾಠವೇ. ಲೆಕ್ಕಪತ್ರವೂ ಸೇರಿ!

ಅದೇ ನಾಟಕದಲ್ಲಿ ನಮಾಝಿನ ಹೊತ್ತಿಗೆ ಸುಲ್ತಾನನನ್ನು ಕೊಲ್ಲುವ ಸಂಚಿನ ದೃಶ್ಯವಿದೆ. ಸಫ್ ಹೇಗೆ ಕಟ್ಟುತ್ತಾರೆ, ಯಾವ ಕ್ಷಣದಲ್ಲಿ ಮೌನ ಬೀಳುತ್ತದೆ ಎಂಬುದು ನಮ್ಮ ಮನೆಯ ಹತ್ತು ವರ್ಷದ ಹುಡುಗನಿಗೂ ಗೊತ್ತು. ತಂಡದಲ್ಲಿ ತಿಳಿದವರು ಒಬ್ಬರೂ ಇಲ್ಲದಿದ್ದರೆ ಅದು ತಪ್ಪಾಗುತ್ತದೆ, ಕೆಲವೊಮ್ಮೆ ನಗೆಪಾಟಲಾಗುತ್ತದೆ. ನಾಟಕ, ಸಿನಿಮಾಗಳಲ್ಲಿ ನಮ್ಮವರನ್ನು ಟೋಪಿ, ಗಡ್ಡ, ಅರೆಬರೆ ಭಾಷೆಯ ಬೊಂಬೆಗಳಾಗಿ ತೋರಿಸುತ್ತಾರೆ ಎಂದು ನಾವು ಬೇಸರ ಪಡುತ್ತೇವೆ. ಬೇಸರ ನ್ಯಾಯವಾದದ್ದು. ಆದರೆ ತಾಲೀಮಿನ ಕೊಠಡಿಯಲ್ಲಿ ನಿಂತು 'ಇದು ಹೀಗಲ್ಲ' ಎಂದು ಹೇಳಬಲ್ಲವರನ್ನು ನಾವು ಕಳುಹಿಸಿದ್ದು ಎಷ್ಟು ಮಂದಿಯನ್ನು?

ಹೆತ್ತವರ ಆತಂಕಗಳನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮೊದಲನೆಯದು ಸಂಪಾದನೆ. ನೇರವಾಗಿ ಹೇಳುತ್ತೇನೆ, ಪದವಿ ಪತ್ರ ಕೈಗೆ ಬಂದೊಡನೆ ಸಂಬಳ ಕೊಡುವ ವಿದ್ಯೆ ಇದಲ್ಲ. ಕೆಲವರು ಶಾಲೆಗಳಲ್ಲಿ ನಾಟಕ ಕಲಿಸುತ್ತಾರೆ, ಕೆಲವರು ಕಿರುತೆರೆಗೆ ಹೋಗುತ್ತಾರೆ, ಕೆಲವರು ಕಾಲೇಜು ಅಧ್ಯಾಪಕರಾಗುತ್ತಾರೆ; ಹುದ್ದೆಗಳು ಕಡಿಮೆ. ಮನೆಯ ಹೊಣೆ ಹೆಗಲ ಮೇಲಿರುವ ಹುಡುಗ ಇದನ್ನು ಲೆಕ್ಕ ಹಾಕಿಯೇ ಹೆಜ್ಜೆ ಇಡಬೇಕು. ಮೊದಲು ಯಾವುದಾದರೊಂದು ಪದವಿ, ಸಾಧ್ಯವಾದರೆ ಬಿ.ಎಡ್. ಮುಗಿಸಿಕೊಳ್ಳುವುದು ಜಾಣತನ. ದಿಲ್ಲಿಯ ನಾಟಕ ಶಾಲೆ ತನ್ನ ಮೂರು ವರ್ಷದ ಕೋರ್ಸಿಗೆ ಪದವೀಧರರನ್ನೇ ಕೇಳುತ್ತದೆ, ಆಯ್ಕೆಯಾದವರಿಗೆ ತಿಂಗಳ ವಿದ್ಯಾರ್ಥಿವೇತನವನ್ನೂ ಕೊಡುತ್ತದೆ.

ಎರಡನೆಯದು ಮರ್ಯಾದೆಯ ಪ್ರಶ್ನೆ, ಅದರಲ್ಲೂ ಹೆಣ್ಣುಮಕ್ಕಳದು. ಉಡುಪು, ರಾತ್ರಿಯ ತಾಲೀಮು, ಎಂಥ ಪಾತ್ರ ಎಂಬ ಚಿಂತೆ. ಧರ್ಮದ ತೀರ್ಪು ಹೇಳಲು ನಾನು ಆಲಿಮನಲ್ಲ. ಇಷ್ಟು ಮಾತ್ರ ಹೇಳಬಲ್ಲೆ: ನಾಟಕ ಓದುವವರೆಲ್ಲ ಬಣ್ಣ ಹಚ್ಚಬೇಕೆಂದಿಲ್ಲ. ರಂಗವಿನ್ಯಾಸ, ಬೆಳಕು, ವಸ್ತ್ರವಿನ್ಯಾಸ, ನಾಟಕ ರಚನೆ, ವಿಮರ್ಶೆ, ಮಕ್ಕಳ ರಂಗಭೂಮಿ, ಇವೆಲ್ಲ ಪೂರ್ಣಾವಧಿಯ ಕ್ಷೇತ್ರಗಳು. ರಾಂಪುರದ ಸಂಪ್ರದಾಯಸ್ಥ ಮನೆತನದ ಝೊಹ್ರಾ ಸೆಹಗಲ್ 1930ರ ದಶಕದ ಆರಂಭದಲ್ಲೇ ಜರ್ಮನಿಗೆ ಹೋಗಿ ನೃತ್ಯ ಕಲಿತು, 102 ವರ್ಷ ಬದುಕಿ, ಇಳಿವಯಸ್ಸಿನಲ್ಲೂ ರಂಗದ ಮೇಲಿದ್ದರು. ಎಲ್ಲರಿಗೂ ಆ ದಾರಿ ಒಪ್ಪಿಗೆಯಾಗಬೇಕಿಲ್ಲ. ಆದರೆ 'ಬೇಡ' ಎನ್ನುವ ಮುನ್ನ ಮಗಳಿಂದ ಪಠ್ಯಕ್ರಮ ತರಿಸಿ ಓದಿ. ಓದಿದ ಮೇಲೆ 'ಬೇಡ' ಎಂದರೆ ಅವಳೂ ನಿಮ್ಮ ಮಾತನ್ನು ಗೌರವದಿಂದ ಕೇಳಿಯಾಳು.

ಕರ್ನಾಟಕದಲ್ಲೇ ಕಲಿಯಬೇಕೆಂದಿದ್ದರೆ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಪ್ರದರ್ಶನ ಕಲೆಗಳ ವಿಭಾಗವಿದೆ, ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ ಹೆಸರಿನ ವಿಶ್ವವಿದ್ಯಾಲಯವಿದೆ. ಹೊರಗೆ ಹೋಗುವವರಿಗೆ ಹೈದರಾಬಾದ್ ವಿಶ್ವವಿದ್ಯಾಲಯ, ತ್ರಿಶೂರಿನಲ್ಲಿ ಕಲ್ಲಿಕೋಟೆ ವಿಶ್ವವಿದ್ಯಾಲಯದ ನಾಟಕ ಶಾಲೆ. ವಿಶ್ವವಿದ್ಯಾಲಯದ ಹೊರಗೆ, ಕೆ.ವಿ. ಸುಬ್ಬಣ್ಣನವರು ಕಟ್ಟಿದ ಹೆಗ್ಗೋಡಿನ ನೀನಾಸಮ್ 1980ರಿಂದ ಕನ್ನಡದಲ್ಲೇ ನಾಟಕ ಕಲಿಸುತ್ತ ಬಂದಿದೆ. ಅದರ 'ತಿರುಗಾಟ' ತಂಡ 1985ರಲ್ಲಿ ಆರಂಭವಾದದ್ದು, ಊರೂರು ಸುತ್ತಿ ನಾಟಕ ಆಡುತ್ತದೆ. ನಿಮ್ಮ ಊರಿನ ಹತ್ತಿರ ಬಂದಾಗ ಅರ್ಜಿ ಹಾಕಬೇಕೆಂದಿರುವ ಮಕ್ಕಳೂ ಅವರ ತಂದೆ ತಾಯಿಯೂ ಒಟ್ಟಿಗೆ ಹೋಗಿ ನೋಡಿ. ನಾಟಕ ಮುಗಿದೊಡನೆ ಎದ್ದು ಬರಬೇಡಿ. ಸ್ವಲ್ಪ ಹೊತ್ತು ಕಾದು, ನಟರೇ ಸೆಟ್ ಬಿಚ್ಚಿ ಲಾರಿಗೆ ತುಂಬುವಾಗ ಹತ್ತಿರ ಹೋಗಿ ಮಾತಾಡಿಸಿ. ಎಷ್ಟು ಗಂಟೆಗೆ ಏಳುತ್ತೀರಿ, ಏನು ಓದುತ್ತೀರಿ, ತಿಂಗಳಿಗೆ ಎಷ್ಟು ಸಿಗುತ್ತದೆ, ಮನೆಯವರು ಏನೆನ್ನುತ್ತಾರೆ, ಎಲ್ಲವನ್ನೂ ಸಂಕೋಚವಿಲ್ಲದೆ ಕೇಳಿ.