ಎರಡನೆಯ ಎಂಜಿನ್ನಿನ ಭರವಸೆ



ಡಚ್ ನಾಡಿನ ಗ್ರೋನಿಂಗನ್ನಿನಲ್ಲಿ ನೆಲೆಸಿರುವ ನಮಗೆ, ದಿನಕ್ಕೆರಡು ಬಾರಿ ಹಿಂದೆ ಸರಿದು ಗಾವುದಗಟ್ಟಲೆ ಕೆಸರಿನ ಬಯಲನ್ನು ತೆರೆದಿಡುವ ವಾಡನ್ ಕಡಲು, ಪೀಟರ್‌ಬ್ಯೂರನ್ನಿನಿಂದ ಮಾರ್ಗದರ್ಶಿಯ ಹಿಂದೆ ಕೆಸರು ತುಳಿಯುತ್ತ ನಡೆಯುವ ವಿನೋದದಿಂದಲೇ ಹೆಚ್ಚಾಗಿ ಪರಿಚಿತವಾದುದು. ಅದೇ ಕಡಲಿನ ಪಶ್ಚಿಮ ಭಾಗದಲ್ಲಿ, ಡೆನ್ ಊವರ್ ಎಂಬ ಊರಿನ ಸಮೀಪ, 1996ರ ಸೆಪ್ಟೆಂಬರ್ 25ರಂದು ಡಕೋಟಾ ವಿಮಾನವೊಂದು ಬಿದ್ದು, ಅದರಲ್ಲಿದ್ದ 32 ಮಂದಿಯೂ ಮೃತರಾದರು. ಟೆಕ್ಸಲ್ ದ್ವೀಪದಿಂದ ಸ್ಕಿಪೋಲ್ ವಿಮಾನನಿಲ್ದಾಣಕ್ಕೆ ಹೊರಟಿದ್ದ ಅವರಲ್ಲಿ 26 ಮಂದಿ, ವಿಹಾರಕ್ಕೆಂದು ಬಂದಿದ್ದ ಪ್ರಯಾಣಿಕರು.

ವಿಮಾನವು ಹಳೆಯ ಯಂತ್ರಗಳಲ್ಲಿ ಅನುರಾಗವುಳ್ಳವರ ಸಂಘವೊಂದಕ್ಕೆ ಸೇರಿದ್ದಾದರೂ, ಅದರ ಜನ್ಮ ಯುದ್ಧಕಾಲದ್ದು. ಸೈನ್ಯದ ಸಾಗಣೆಗಾಗಿ ಸಹಸ್ರಾರು ಸಂಖ್ಯೆಯಲ್ಲಿ ನಿರ್ಮಿತವಾದ ವಂಶದ್ದು. 1944ರ ಸೆಪ್ಟೆಂಬರಿನಲ್ಲಿ ಈ ದೇಶದ ಆರ್ನೆಮ್ ಪಟ್ಟಣದ ಸುತ್ತ ಆಕಾಶದಿಂದ ಇಳಿದ ಯೋಧರನ್ನು ಹೊತ್ತು ತಂದವುಗಳಲ್ಲಿ ಡಕೋಟಾಗಳೇ ಪ್ರಧಾನ. 1947ರ ಅಕ್ಟೋಬರ್ 27ರಂದು ನಮ್ಮ ಭಾರತದ ಸೈನ್ಯದ ಮೊದಲ ತುಕಡಿಯನ್ನು ಶ್ರೀನಗರದಲ್ಲಿ ಇಳಿಸಿದವೂ ಡಕೋಟಾಗಳೇ. 1940ರಲ್ಲಿ ಮೈಸೂರು ಸಂಸ್ಥಾನದ ಸಹಕಾರದಿಂದ ವಾಲಚಂದ್ ಹೀರಾಚಂದರು ಬೆಂಗಳೂರಿನಲ್ಲಿ ಸ್ಥಾಪಿಸಿದ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯು ಯುದ್ಧದ ನಡುವೆ ಅಮೆರಿಕದ ಸೈನ್ಯದ ದುರಸ್ತಿ ಕೇಂದ್ರವಾಗಿ ಪರಿಣಮಿಸಿದಾಗ, ಅಲ್ಲಿಗೆ ರಿಪೇರಿಗೆ ಬಂದವುಗಳಲ್ಲಿಯೂ ಇವು ಇದ್ದುವು. ಆದ್ದರಿಂದ ಈ ವಿಮಾನದ ವಿಷಯದಲ್ಲಿ ಕನ್ನಡಿಗನು ಸಂಪೂರ್ಣ ಪರಕೀಯನಂತೆ ಮಾತನಾಡಬೇಕಾದ ಪ್ರಮೇಯವಿಲ್ಲ.

ಟೆಕ್ಸಲಿನಿಂದ ಮೇಲೇರಿದ ಸ್ವಲ್ಪ ಹೊತ್ತಿನಲ್ಲಿಯೇ ಎಡಗಡೆಯ ಎಂಜಿನ್ನು ಕೈಕೊಟ್ಟಿತು. ಚಾಲಕರು ಸಮೀಪದ ಡಿ ಕೋಯ್ ನೌಕಾ ವಿಮಾನನಿಲ್ದಾಣದಲ್ಲಿ ಇಳಿಯುವ ಅಪೇಕ್ಷೆಯನ್ನು ತಿಳಿಸಿ ಅತ್ತ ಹೊರಟರು. ಅಲ್ಲಿಗೆ ಮುಟ್ಟುವ ಮೊದಲೇ ವಿಮಾನ ಹತೋಟಿ ತಪ್ಪಿತು. ಎಂಜಿನ್ನು ನಿಂತದ್ದರಿಂದಲೇ ವಿಮಾನ ಬಿದ್ದಿತೆಂದು ಇದನ್ನು ಕೇಳಿದವರು ಭಾವಿಸುವುದು ಸಹಜ. ಆದರೆ ನಾನು ಈ ಸಂಜೆ ನಿಮ್ಮ ಮುಂದಿಡಬಯಸುವುದು ಇದಕ್ಕೆ ಭಿನ್ನವಾದ ಸಂಗತಿ. ಎರಡು ಎಂಜಿನ್ನುಗಳಲ್ಲಿ ಒಂದು ನಿಂತರೂ ಇನ್ನೊಂದರ ಬಲದಿಂದ ಸಮೀಪದ ನಿಲ್ದಾಣವನ್ನು ಸೇರಬಲ್ಲ ಹಾಗೆ ರಚಿತವಾದ ವಿಮಾನವು, ಆ ಭರವಸೆಯನ್ನು ಏತಕ್ಕೆ ಉಳಿಸಿಕೊಳ್ಳಲಾಗಲಿಲ್ಲ?

ಉತ್ತರವಿರುವುದು ಪ್ರೊಪೆಲರಿನಲ್ಲಿ. ಶಕ್ತಿ ಕಳೆದುಕೊಂಡ ಎಂಜಿನ್ನಿನ ಪ್ರೊಪೆಲರು ಸುಮ್ಮನಿರುವುದಿಲ್ಲ. ಎದುರಿನಿಂದ ನುಗ್ಗುವ ಗಾಳಿಯೇ ಅದನ್ನು ತಿರುಗಿಸುತ್ತದೆ, ಹಾಗೆ ತಿರುಗುವ ಅಲಗುಗಳು ವಿಮಾನವನ್ನು ಹಿಂದಕ್ಕೆಳೆಯುವ ಅಡ್ಡಿಯಾಗುತ್ತವೆ. ಹೊಳೆಯ ಸೆಳವಿನಲ್ಲಿ ಅಂಬಿಗನು ಹುಟ್ಟನ್ನು ಅಗಲವಾಗಿ ಅಡ್ಡಹಿಡಿದರೆ ತೋಳು ಸೋಲುವುದು, ಅದರ ಅಂಚನ್ನು ನೀರಿಗೆ ತಿರುಗಿಸಿದೊಡನೆ ಹಗುರವಾಗುವುದು ಸರಿಯಷ್ಟೆ. ಅದೇ ನ್ಯಾಯದಿಂದ ಅಲಗುಗಳ ಅಂಚನ್ನು ಗಾಳಿಗೆ ಎದುರಾಗಿ ತಿರುಗಿಸಿ ನಿಲ್ಲಿಸುವ ಉಪಾಯವನ್ನು ಫೆದರಿಂಗ್ ಎನ್ನುತ್ತಾರೆ. ಡಕೋಟಾದ ಚಾಲಕನು ಗುಂಡಿಯೊಂದನ್ನು ಒತ್ತಿದಾಗ ವಿದ್ಯುತ್ ಪಂಪು ಎಣ್ಣೆಯನ್ನು ವಿಶೇಷ ಒತ್ತಡದಿಂದ ಪ್ರೊಪೆಲರಿನ ಗುಂಬಜಿನೊಳಕ್ಕೆ ನುಗ್ಗಿಸುತ್ತದೆ. ಅಲ್ಲಿಯ ಪಿಸ್ಟನ್ನು ಸರಿದು, ಹಲ್ಲುಚಕ್ರಗಳ ಮೂಲಕ ಮೂರು ಅಲಗುಗಳನ್ನೂ ಏಕಕಾಲದಲ್ಲಿ ಹೊರಳಿಸುತ್ತದೆ. ಕೆಲಸ ಮುಗಿದಾಗ ಗುಂಡಿ ತಾನಾಗಿಯೇ ಹೊರಕ್ಕೆ ಚಿಮ್ಮಬೇಕು. ಚಿಮ್ಮದಿದ್ದರೆ ಎಣ್ಣೆಯ ಒತ್ತಡವು ಮುಂದುವರಿದು, ಅಲಗುಗಳನ್ನು ಮತ್ತೆ ಗಾಳಿಗೆ ಒಡ್ಡುವ ವಿಪರೀತವೂ ಉಂಟು. ಇಂಥ ಸೂಕ್ಷ್ಮವಾದ ಏರ್ಪಾಟನ್ನು ಕಲ್ಪಿಸಿದವರ ಬುದ್ಧಿಗೆ ನಾನಂತೂ ತಲೆಬಾಗುತ್ತೇನೆ.

ವಾಡನ್ ಕಡಲಿನ ಮೇಲೆ ಆ ದಿನ ಈ ಕಾರ್ಯ ಪೂರ್ಣವಾಗಿ ನೆರವೇರಲಿಲ್ಲ. ಬಲಗಡೆಯ ಎಂಜಿನ್ನು ಮುಂದಕ್ಕೆ ನೂಕುತ್ತಿರಲು, ಎಡಗಡೆಯ ಅಲಗುಗಳು ಹಿಂದಕ್ಕೆಳೆಯುತ್ತಿರಲು, ವಿಮಾನದ ಮೂತಿ ಎಡಕ್ಕೆ ಹೊರಳಬಯಸುತ್ತದೆ. ಅದನ್ನು ನೇರವಾಗಿರಿಸುವ ಬಾಲದ ಚುಕ್ಕಾಣಿಗೆ ಬಲ ಬರುವುದು ವೇಗದಿಂದ. ಎಳೆತ ಹೆಚ್ಚಿದಂತೆಲ್ಲ ತಗ್ಗುವುದೂ ಆ ವೇಗವೇ. ಒಂದು ಮಿತಿಗಿಂತ ಕೆಳಗಿಳಿದ ಮೇಲೆ ಚಾಲಕನ ಕೌಶಲವು ಎಷ್ಟೇ ಇದ್ದರೂ ಚುಕ್ಕಾಣಿ ಮಾತು ಕೇಳದು. ಎತ್ತರ ಕಡಿಮೆಯಿದ್ದಲ್ಲಿ ಚೇತರಿಸಿಕೊಳ್ಳಲು ಅವಕಾಶವೂ ಇರದು.

ಅದೇ ವರ್ಷದ ಜುಲೈ 15ರಂದು, ಇದೇ ದೇಶದ ಐಂಡ್‌ಹೋವನ್ನಿನಲ್ಲಿ, ಡಚ್ ಸೈನ್ಯದ ವಾದ್ಯವೃಂದವನ್ನು ಕರೆತಂದ ಬೆಲ್ಜಿಯಂ ವಾಯುಸೇನೆಯ ಹರ್ಕ್ಯುಲಿಸ್ ಸಾಗಣೆ ವಿಮಾನವು ಪಕ್ಷಿಗಳ ಹಿಂಡಿಗೆ ಸಿಕ್ಕಿ ಬಿದ್ದು 34 ಮಂದಿ ಸತ್ತದ್ದನ್ನು ನಿಮ್ಮಲ್ಲಿ ಕೆಲವರು ಬಲ್ಲಿರಿ. ಅದನ್ನು ದೈವದ ಮೇಲೆ ಹಾಕಬಹುದು, ಒಂದಿಷ್ಟು. ಒಳಗೆ ಅಷ್ಟು ಜನರಿದ್ದಾರೆಂಬುದು ಅಗ್ನಿಶಾಮಕರಿಗೆ ತಿಳಿಯದೆ ಹೋದದ್ದನ್ನು ಮಾತ್ರ ಹಾಗೆ ಹಾಕಲಾಗದು. ಡಕೋಟಾದ ಪ್ರಸಂಗದಲ್ಲಿ ಕಾರಣವು ಯಂತ್ರದ ಒಳಗೇ ಇತ್ತು. ಅದೂ ವರ್ಷಾನುಗಟ್ಟಲೆ ಆಪತ್ತಿನ ಕರೆಗೆ ಕಾದಿರುವ, ನಿತ್ಯದ ಹಾರಾಟದಲ್ಲಿ ಗುಣದೋಷವನ್ನು ತೋರಗೊಡದ ಅಂಗದಲ್ಲಿ.

ಇಂಗ್ಲೆಂಡಿನಲ್ಲಿ ಜೀರ್ಣೋದ್ಧಾರಗೊಂಡು 2018ರಲ್ಲಿ ಭಾರತೀಯ ವಾಯುಸೇನೆಗೆ ಬಂದು ಸೇರಿದ ‘ಪರಶುರಾಮ’ನೆಂಬ ಡಕೋಟಾವನ್ನು ನೋಡುವ ಯೋಗ ನಿಮಗೆ ಬಂದಾಗ, ಅದು ಮೇಲೇರುವ ಚೆಲುವಿಗೆ ಚಪ್ಪಾಳೆ ತಟ್ಟಿರಿ, ಬೇಡವೆನ್ನುವುದಿಲ್ಲ, ನನ್ನನ್ನು ಕರೆದೊಯ್ದರೆ ಮಾತ್ರ, ಅದನ್ನು ನೆಲದ ಮೇಲೆಯೇ ನಿಲ್ಲಿಸಿ, ಆ ಗುಂಡಿಯನ್ನೊತ್ತಿ ಅಲಗುಗಳು ತುದಿಯವರೆಗೆ ಹೊರಳುವುದನ್ನು ಒಮ್ಮೆ ತೋರಿಸಿರೆಂದು ಅಲ್ಲಿಯ ಕುಶಲಕರ್ಮಿಗಳನ್ನು ಕೇಳುವವನು ನಾನು.